ಪುನುಗು ಬೆಕ್ಕಿನ ಐಸ್ ಕಾಫಿ

ಕಾಫಿ ಅಂಗಡಿಯ ಪುನುಗು ಬೆಕ್ಕಿಗೆ ಐಸ್ ಕಾಫಿ ಮಾರುವ ಆಸೆ ಹುಟ್ಟಿತು. ಗಿರಾಕಿಗಳನ್ನು ಕೇಳಿದಾಗ ಕೋತಿ, ನವಿಲು ಎರಡೂ, "ಭೇಷಾದ ಯೋಚನೆ, ದಿನಾ ಬರುತ್ತೇವೆ" ಎಂದವು. ಎಮ್ಮೆ ಮಾತ್ರ, "ತಣ್ಣಗಿನ ಕಾಫಿಯನ್ನು ಯಾರಯ್ಯಾ ಕುಡಿಯುತ್ತಾರೆ?" ಎಂದು ಮೂಗು ಮುರಿಯಿತು.

ಹಿಂದೊಮ್ಮೆ ಬಾಯಿಮಾತು ನಂಬಿ ಕೈಸುಟ್ಟುಕೊಂಡಿದ್ದ ಬೆಕ್ಕು, ಮರುದಿನ ಒಂದು ಹನಿಯನ್ನೂ ಮಾಡದೆ "ಐಸ್ ಕಾಫಿ ಮುಗಿದಿದೆ" ಎಂದು ಬೋರ್ಡು ತೂಗುಹಾಕಿತು. ಕೋತಿ, ನವಿಲು ಅದನ್ನು ಓದಿ, ಬಿಸಿ ಕಾಫಿ ಕುಡಿದು ನೆಮ್ಮದಿಯಾಗಿ ಹೋದವು. ಎಮ್ಮೆ ಬಾಗಿಲು ಬಿಟ್ಟು ಕದಲಲಿಲ್ಲ.

"ನನಗೊಂದು ಲೋಟ ಎತ್ತಿಡಬಾರದಿತ್ತೇ?"

"ನೀವು ಬೇಡವೆಂದಿರಲ್ಲ?"

"ಬೇಡವೆಂದೆ, ಮುಗಿಸಿಬಿಡು ಎಂದೆನೇ? ನಿನ್ನೆಯಿಂದ ನಾಲಿಗೆಗೆ ಅದೇ ಧ್ಯಾನ."

ಬೆಕ್ಕು ಮೀಸೆಯಲ್ಲೇ ನಕ್ಕಿತು. 'ಹೊಗಳಿದವರಿಗೆ ನಮಸ್ಕಾರ, ಜಗಳಕ್ಕೆ ಬಂದವರಿಗೆ ಕಾಫಿ' ಎಂದುಕೊಂಡು ಐಸು ತರಲು ಹೊರಟಿತು.