ಬಿಸಿಲಿಗೆ ಹೋದ ಮಗ್ಗ

ಗುಣಿಯೋ, ಕುಣಿಯೋ. ಮಗ್ಗದ ಕೆಳಗೆ ನೇಕಾರ ಕಾಲು ಇಳಿಬಿಟ್ಟು ಕೂರುವ ತಗ್ಗಿಗೆ ನಮ್ಮ ಊರಲ್ಲಿ ಹಾಗೇನೋ ಅನ್ನುತ್ತಿದ್ದರು. ಕೇಳೋಣವೆಂದರೆ ಈ ಊರಲ್ಲಿ ಮಗ್ಗ ಕಂಡವರೇ ಇಲ್ಲ. ಗುಂಡಿ ಎಂದೇ ಬರೆದುಕೋ, ಪುಟ್ಟಿ. ಕತೆಗೆ ಅಷ್ಟು ಸಾಕು.

ಒಬ್ಬ ಶಿಷ್ಯ ಗುರುವಿನ ಬಳಿ ಬಂದು ಕೇಳಿದ: "ಗುರುಗಳೇ, ಹಾಯಾಗಿರುವವನು ನಿಜವಾಗಿ ಕೆಲಸ ಮಾಡುತ್ತಾನೆಯೇ?"

"ಯಾರ ವಿಷಯ?" ಎಂದರು ಗುರುಗಳು.

ಆ ಮಠದಲ್ಲಿ ಓಲೆಗರಿಗಳ ಮೇಲೆ ಗ್ರಂಥ ಪ್ರತಿ ಮಾಡುವ ಕೆಲಸ ನಡೆಯುತ್ತಿತ್ತು. ಬರೆಯುವವರು ನೆಲಮಾಳಿಗೆಯಲ್ಲಿ ಕೂರುತ್ತಿದ್ದರು. ಅಲ್ಲೇ ಕೂತು ಅವರನ್ನು ನೋಡಿಕೊಳ್ಳುವ ಹೊಣೆ ಈ ಶಿಷ್ಯನದು. ಬರೆಯುವವರಲ್ಲಿ ಸಂಗಯ್ಯ ಎಂಬವನು ಗುರುಗಳ ಅಪ್ಪಣೆ ಪಡೆದು ಹೊಳೆಯಾಚೆಯ ಕಲ್ಲುಮಂಟಪಕ್ಕೆ ಹೋಗಿ ಬರೆಯುತ್ತಿದ್ದ. ಅಲ್ಲಿ ದಿನವಿಡೀ ಬಿಸಿಲು.

"ಗರಿಗಳೇನೋ ಹೊತ್ತಿಗೆ ಸರಿಯಾಗಿ ಬರುತ್ತಿವೆ," ಎಂದ ಶಿಷ್ಯ. "ಅಕ್ಷರ ಮೊದಲಿಗಿಂತ ದುಂಡಗಿದೆ. ಆಸಾಮಿ ಮೈ ತುಂಬಿಕೊಂಡಿದ್ದಾನಂತೆ. ಬೆಳಗೆದ್ದರೆ ಹಾಡುತ್ತಾನಂತೆ. ಇದರಲ್ಲೇನೋ ಇದೆ, ಗುರುಗಳೇ. ಅವನನ್ನು ಹಿಂದಕ್ಕೆ ಕರೆಸಲೇ?" ನಡುವೆ ಕೆಮ್ಮು ಬಂದು ಅವನ ಮಾತು ತಡೆಯಿತು.

ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ. ಅವನ ಅಂಗಡಿಯ ಹಿಂದೆ ಒಂದು ಕತ್ತಲ ಕೋಣೆ. ಅದರಲ್ಲಿ ಮಗ್ಗ. ಅಲ್ಲಿ ಒಬ್ಬ ನೇಕಾರ ನೇಯುತ್ತಿದ್ದ. ಕೋಣೆಯಲ್ಲಿ ಸದಾ ತೇವ. ತೇವವಿದ್ದರೆ ನೂಲಿಗೆ ಒಳ್ಳೆಯದು, ಎಳೆ ಕಡಿಯುವುದಿಲ್ಲ. ಆದರೆ ಗುಂಡಿಯಲ್ಲಿ ಕಾಲಿಟ್ಟು ಕೂತ ನೇಕಾರನಿಗೆ ಕೆಮ್ಮು ಹಿಡಿಯಿತು. ವೈದ್ಯರು ಅವನ ಎದೆಗೆ ಕಿವಿಯಿಟ್ಟು ಕೇಳಿ, "ಇನ್ನೊಂದು ಮಳೆಗಾಲ ಇಲ್ಲಿ ಕೂರಬೇಡ," ಎಂದರು.

ನೇಕಾರ ವ್ಯಾಪಾರಿಯನ್ನು ಕೇಳಿಕೊಂಡ. ಹೆಂಡತಿಯ ತವರು ಬಯಲುಸೀಮೆಯಲ್ಲಿತ್ತು. ಮಗ್ಗವನ್ನು ಅಲ್ಲಿಗೆ ಒಯ್ದು ನೇಯುತ್ತೇನೆ, ಬಟ್ಟೆಯನ್ನು ಸಂತೆಯ ಗಾಡಿಯಲ್ಲಿ ಕಳಿಸುತ್ತೇನೆ ಎಂದ. ವ್ಯಾಪಾರಿಗೆ ಮನಸ್ಸಿರಲಿಲ್ಲ. ಆದರೆ ಅಂಥ ಕೈ ಆ ಊರಲ್ಲಿ ಇನ್ನೊಂದಿರಲಿಲ್ಲ. ಒಪ್ಪಿಕೊಂಡ.

ಮೊದಲ ಬಟ್ಟೆ ಬಂತು. ವ್ಯಾಪಾರಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ತಪ್ಪು ಹುಡುಕಿದ. ಸಿಗಲಿಲ್ಲ. ಸಿಕ್ಕಿದ್ದರೆ ಅವನಿಗೆ ನೆಮ್ಮದಿಯಾಗುತ್ತಿತ್ತು. ಮುಂದಿನ ಬಟ್ಟೆ ಇನ್ನೂ ಬಿಗಿಯಾಗಿತ್ತು, ಅಂಚು ಗೆರೆ ಎಳೆದಂತಿತ್ತು. ಇದು ಕೆಮ್ಮುವವನ ಕೈಯಲ್ಲ ಎಂದುಕೊಂಡ. ಬಿಸಿಲೂರಿನಲ್ಲಿ ನೂಲು ಕಡಿಯಲೇಬೇಕು. ಕಡಿದಿಲ್ಲವೆಂದರೆ ಇದು ಬೇರೆ ಯಾರದೋ ಮಗ್ಗದ್ದು. ಬೇರೆಯವರಿಂದ ನೇಯಿಸಿ ತಾನು ಕಾಲು ಚಾಚಿದ್ದಾನೆ.

ಯಾರಿಗೂ ಹೇಳದೆ ಗಾಡಿ ಹತ್ತಿದ.

ತಲುಪಿದಾಗ ನಡುಮಧ್ಯಾಹ್ನ. ನೇಕಾರ ಜಗಲಿಯ ಮೇಲೆ ಬೆನ್ನಿಗೆ ಎಣ್ಣೆ ಸವರಿಕೊಂಡು, ಬಿಸಿಲಿಗೆ ಬೆನ್ನೊಡ್ಡಿ ಕೂತಿದ್ದ. ಕಡಲೆಕಾಯಿ ಬಿಡಿಸುತ್ತಿದ್ದ. ಹೆಂಡತಿ ಏನೋ ಹೇಳಿದಳು, ಇಬ್ಬರೂ ನಕ್ಕರು. ಒಳಗೆ ಮಗ್ಗದ ಮೇಲೆ ಒದ್ದೆ ಬಟ್ಟೆ ಹೊದಿಸಿತ್ತು.

"ಭೇಷ್," ಎಂದ ವ್ಯಾಪಾರಿ. "ಕಡಲೆಕಾಯಲ್ಲೇ ಸೀರೆ ನೇಯುತ್ತೀಯೋ ಏನಯ್ಯ?"

ನೇಕಾರ ಎದ್ದು ನಿಂತ. "ಬಿಸಿಲೇರಿದರೆ ಎಳೆ ಕಡಿಯುತ್ತದೆ, ಧಣಿ. ಇಬ್ಬನಿ ಇರುವಾಗ ನೇಯುತ್ತೇನೆ, ಸಂಜೆ ತಂಪಿಗೆ ಮತ್ತೆ ಕೂರುತ್ತೇನೆ. ಈ ಹೊತ್ತು ನೂಲಿನದಲ್ಲ, ನನ್ನ ಎದೆಯದು. ಇವತ್ತು ಇಲ್ಲೇ ಉಳಿಯಿರಿ. ಬೆಳಗಿನ ಜಾವ ಕಣ್ಣಾರೆ ನೋಡುವಿರಂತೆ."

"ನಾನು ನೋಡುತ್ತೇನೆಂದು ಗೊತ್ತಾದ ಮೇಲೆ ಯಾರು ತಾನೇ ನೇಯುವುದಿಲ್ಲ?" ಎಂದ ವ್ಯಾಪಾರಿ.

ಅವತ್ತೇ ಮಗ್ಗ ಬಿಚ್ಚಿ ಗಾಡಿಗೆ ಏರಿಸಿದರು. ನೇಕಾರ ಅದರ ಹಿಂದೆ ನಡೆದ. ಹೊಟ್ಟೆಪಾಡು ಆ ವ್ಯಾಪಾರಿಯ ಕೈಯಲ್ಲಿತ್ತು.

ಮತ್ತೆ ಕತ್ತಲ ಕೋಣೆ, ಮತ್ತೆ ಗುಂಡಿ. ವ್ಯಾಪಾರಿ ಅಂಗಡಿಯಲ್ಲಿ ಕೂತು ಮಗ್ಗದ ಸದ್ದಿಗೆ ಕಿವಿಗೊಟ್ಟ. ಸದ್ದು ನಿಂತರೆ ಎದ್ದು ಬಂದು ಇಣುಕುತ್ತಿದ್ದ. ನೇಕಾರ ಕೆಮ್ಮುತ್ತಿರುತ್ತಿದ್ದ.

"ಜಗಲಿಯಲ್ಲಿ ನಗುವಾಗ ಎಲ್ಲಿತ್ತು ಈ ಕೆಮ್ಮು?" ಎನ್ನುತ್ತಿದ್ದ ವ್ಯಾಪಾರಿ.

ಅಂದಿನಿಂದ ಸದ್ದು ನಿಲ್ಲಲಿಲ್ಲ. ಆದರೆ ಬಟ್ಟೆ ಬೆಳೆಯಲಿಲ್ಲ. ಕೆಮ್ಮು ಬಂದಾಗ ನೇಕಾರ ಲಾಳಿ ಹಾಯಿಸದೆ, ಅಡ್ಡ ನೂಲು ಸೇರಿಸದೆ, ನೂಲನ್ನು ಒತ್ತುವ ಹಣಿಗೆಯನ್ನು ಬರಿದೇ ಬಡಿಯುತ್ತಿದ್ದ. ಹೊರಗೆ ಕೇಳುವವನಿಗೆ ಅದೂ ನೇಯ್ಗೆಯ ಸದ್ದೇ. ಬಿಸಿಲಲ್ಲಿ ಕಲಿಯದ ಕಳ್ಳತನವನ್ನು ಅವನು ಕಾವಲಿನಲ್ಲಿ ಕಲಿತ.

ವ್ಯಾಪಾರಿಗೆ ಇದು ತಿಳಿಯಿತು. ಅವನಿಗೆ ಸಿಟ್ಟಿಗಿಂತ ಸಂತೋಷವೇ ಹೆಚ್ಚಾಯಿತು. ನಾನು ಮೊದಲೇ ಹೇಳಿದ್ದೆ ಎಂದು ಕಂಡವರಿಗೆಲ್ಲ ಹೇಳಿದ. ಇನ್ನು ಕಿವಿಯನ್ನು ನಂಬುವ ಹಾಗಿಲ್ಲವೆಂದು ತನ್ನ ಗಾದಿಯನ್ನೇ ಕೋಣೆಯೊಳಗೆ ಹಾಕಿಸಿದ. ಬೆಳಗಿನಿಂದ ಸಂಜೆಯವರೆಗೆ ಗುಂಡಿಯ ಪಕ್ಕ ಕೂತು ಲಾಳಿಯನ್ನೇ ನೋಡಿದ. ಅಂಗಡಿಯ ಬಾಗಿಲಿಗೆ ಬಂದವರು ಯಾರೂ ಇಲ್ಲವೆಂದು ತಿರುಗಿ ಹೋದರು.

ಮಳೆಗಾಲ ಬಂತು. ಗೋಡೆಗಳು ನೀರೊಡೆದವು. ಹಾದಿಯಲ್ಲಿ ಹೋಗುವವರಿಗೆ ಆ ಕೋಣೆಯಿಂದ ಕೆಮ್ಮು ಕೇಳುತ್ತಿತ್ತು. ಅದು ನೇಯುವವನದೋ, ಕಾಯುವವನದೋ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅವನು ಬಿಸಿಲೂರಿನಲ್ಲಿ ನಿಜವಾಗಿ ನೇಯುತ್ತಿದ್ದನೋ ಇಲ್ಲವೋ, ಅದನ್ನು ನೀವು ಹೇಳಲೇ ಇಲ್ಲ. ಈಗ ಸಂಗಯ್ಯನನ್ನು..." ಎನ್ನುವಾಗ ಅವನಿಗೆ ಕೆಮ್ಮು ಬಂತು. ಕಂಬ ಹಿಡಿದು ಕೆಮ್ಮಿದ.

ಅದು ನಿಲ್ಲುವವರೆಗೆ ಗುರುಗಳು ಕಾದರು.

"ಮಗು, ನಿನಗೆ ಈ ಕೆಮ್ಮು ಎಂದಿನಿಂದ?"

ಶಿಷ್ಯ ನೆಲಮಾಳಿಗೆಯ ಬಾಗಿಲ ಕಡೆ ತಿರುಗಿ ನೋಡಿದ. ಅಲ್ಲಿಗೆ ನಿಲ್ಲಿಸು, ಪುಟ್ಟಿ.