ಗೀಜಗನಕೆರೆ ಐದಾದ ಬಗೆ

ದುರ್ಗದ ಸೀಮೆಯ ಮೂಡಣ ಬಯಲಿಗೆ ಹೋಗುವ ಬಸ್ಸು ಹತ್ತಿ ‘ಗೀಜಗನಕೆರೆಗೆ ಒಂದು ಟಿಕೆಟ್ ಕೊಡಿ’ ಎಂದವರನ್ನು ಕಂಡಕ್ಟರು ಕನಿಕರದಿಂದ ನೋಡಿ, ‘ಯಾವ ಗೀಜಗನಕೆರೆ?’ ಎಂದು ಕೇಳುತ್ತಾನೆ. ಆ ಬಯಲಿನಲ್ಲಿ ಆ ಹೆಸರಿನ ಊರುಗಳು ಐದಿವೆ. ಹುಣಸೆಮರದ ಗೀಜಗನಕೆರೆ, ದಿಬ್ಬದ ಗೀಜಗನಕೆರೆ, ಗೇಟಿನ ಗೀಜಗನಕೆರೆ ಎಂದು ಬಸ್ಸಿನವರೂ ಅಂಚೆಯವರೂ ತಮ್ಮ ಅನುಕೂಲಕ್ಕೆ ಗುರುತು ಹಚ್ಚಿಕೊಂಡಿದ್ದಾರೆಯೇ ಹೊರತು ಊರಿನವರ ಬಾಯಲ್ಲಿ ಐದೂ ಬರೀ ಗೀಜಗನಕೆರೆಯೇ. ಐದರಲ್ಲಿ ಒಂದಕ್ಕೂ ಕೆರೆಯಿಲ್ಲ. ಎತ್ತ ನೋಡಿದರೂ ಶೇಂಗಾ ಹೊಲ, ಜಾಲಿ, ಕಳ್ಳಿ, ಬಿಸಿಲಿಗೆ ಕಾದ ಬಂಡೆ. ಗೀಜಗನ ಹಕ್ಕಿ ಗೂಡು ನೇತುಹಾಕೋಣವೆಂದರೆ ನೀರಿನ ಮೇಲೆ ಬಾಗಿದ ಒಂದು ಕೊಂಬೆಯೂ ಇಲ್ಲ. ಕೆಲವು ವರ್ಷಗಳ ಹಿಂದೆ ಗಂಡಿನ ಕಡೆಯ ದಿಬ್ಬಣವೊಂದು ವಾಲಗ ಊದಿಸಿಕೊಂಡು ಬೇರೊಂದು ಗೀಜಗನಕೆರೆಯಲ್ಲಿ ಇಳಿದು, ಎಲ್ಲಿಯೂ ಚಪ್ಪರ ಕಾಣದೆ, ಹೆಣ್ಣಿನವರು ಮೋಸ ಮಾಡಿದರೆಂದು ಬೀಗರ ಕುಲಗೋತ್ರವನ್ನೆಲ್ಲ ಜಾಲಾಡಿ, ಮುಹೂರ್ತ ಮೀರಿದ ಮೇಲೆ ಸರಿಯಾದ ಊರು ಸೇರಿದ್ದುಂಟು.

ಇದನ್ನು ಕಂಡು ನಗುವವರಿದ್ದಾರೆ. ಪೇಟೆಯಿಂದ ಬಂದ ಅಧಿಕಾರಿಯೊಬ್ಬ ‘ಗೀಜಗನಕೆರೆ ಒಂದು’, ‘ಗೀಜಗನಕೆರೆ ಎರಡು’ ಎಂದು ಅಂಕಿ ಹಾಕಿಸಿ ಹಲಗೆ ನೆಡಿಸಿದ. ವಾರ ಕಳೆಯುವುದರೊಳಗೆ ಐದು ಹಲಗೆಗಳಿಗೂ ಸಗಣಿ ಬಿತ್ತು. ವಿದ್ವಾಂಸರೊಬ್ಬರು ‘ನಮ್ಮ ಹಳ್ಳಿಗರಿಗೆ ಹೆಸರಿಗೂ ಬಡತನ’ ಎಂದು ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದರು. ತಿಳಿಯದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ಕಡಲಾಚೆಯ ಅಮೆರಿಕದಲ್ಲೂ ಒಂದೇ ಹೆಸರಿನ ಊರುಗಳು ಹತ್ತಾರಿವೆಯಂತೆ; ಅಲ್ಲಿಗೆ ಹೋಗಿ ನೆಲೆಸಿದವರು ಬಿಟ್ಟುಬಂದ ಊರಿನ ಹೆಸರನ್ನು ಕಾಲಿಟ್ಟಲ್ಲೆಲ್ಲ ನೆಟ್ಟರಂತೆ. ಅವರನ್ನು ಯಾರೂ ಬಡವರೆಂದು ಹಂಗಿಸುವುದಿಲ್ಲ. ನಮ್ಮವರು ನೆಟ್ಟರೆ ಮಾತ್ರ ದಡ್ಡತನ! ಗೀಜಗನಕೆರೆ ಐದಾದದ್ದು ದಡ್ಡತನದಿಂದಲ್ಲ, ಸಿಟ್ಟಿನಿಂದ. ಆ ಸಿಟ್ಟು ಬೊಮ್ಮಕ್ಕ ಎಂಬ ಒಬ್ಬ ಹೆಂಗಸಿನದು.

ಹಿಂದೆ ಒಮ್ಮೆ, ಪಾಳೆಯಗಾರರು ಗುಡ್ಡಕ್ಕೊಬ್ಬರಂತೆ ಕೋಟೆ ಕಟ್ಟಿಕೊಂಡು ಒಬ್ಬರ ದನವನ್ನೊಬ್ಬರು ಹೊಡೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ, ಗೀಜಗನಕೆರೆ ಒಂದೇ ಇತ್ತು ಎನ್ನುತ್ತಾರೆ. ಅದಕ್ಕೆ ನಿಜವಾದ ಕೆರೆಯಿತ್ತು. ಏರಿಯ ಉದ್ದಕ್ಕೂ ಬಾಗಿದ ಮರಗಳಿಗೆ ಗೀಜಗನ ಗೂಡುಗಳು ನೂರಾರು ತೂಗುತ್ತಿದ್ದವು. ಬೊಮ್ಮಕ್ಕ ಆ ಊರಿನ ಕಲ್ಲುಕುಟಿಗರ ಮನೆಯವಳು. ಗಂಡ ಬಂಡೆ ಉರುಳಿ ಸತ್ತ ಮೇಲೆ ಉಳಿ ಸುತ್ತಿಗೆಯನ್ನು ಮೂಲೆಗಿಡದೆ ತಾನೇ ಹಿಡಿದು, ಬೀಸುವ ಕಲ್ಲು, ಒರಳು ಕಡಿದು ಒಬ್ಬನೇ ಮಗ ಬೋರನನ್ನು ಸಾಕಿದವಳು. ಮಾತು ಒರಟು, ಕೈ ಅದಕ್ಕಿಂತ ಒರಟು. ಬೋರನಿಗೆ ಮೀಸೆ ಚಿಗುರುತ್ತಿದ್ದ ವರ್ಷ ಗುಡ್ಡದ ಸೂರಪ್ಪ ನಾಯಕ ಹೊಳೆಯಾಚೆಗೆ ದಂಡು ಹೊರಡಿಸಿದ. ದಂಡಿನ ಹೊರೆ ಹೊರಲು ಊರೂರಿನಿಂದ ಗಟ್ಟಿ ಹುಡುಗರನ್ನು ಬಿಟ್ಟಿ ಹಿಡಿದರು. ಕೇಳಲಿಲ್ಲ, ಹೇಳಲಿಲ್ಲ, ಎತ್ತಿಗೆ ಮೂಗುದಾರ ಹಾಕಿದ ಹಾಗೆ ಎಳೆದುಕೊಂಡು ಹೋದರು. ವಾರದ ಸಂತೆ ಬಿಟ್ಟರೆ ಬೇರೆ ನೆಲ ಕಾಣದ ಹುಡುಗ ದಿಕ್ಕೆಟ್ಟು ಅಳತೊಡಗಿದಾಗ ಬೊಮ್ಮಕ್ಕ ದಂಡಿನ ಹಿಂದೆಯೇ ಓಡುತ್ತ ಕೂಗಿ ಹೇಳಿದಳಂತೆ: “ಅಳಬ್ಯಾಡ ಕಣ್ಲಾ! ಬಾಯಿದ್ದೋನು ಬರಗಾಲದಾಗೂ ಬದುಕ್ತಾನೆ. ಎಲ್ಲಿ ಬಿಟ್ರೂ ಗೀಜಗನಕೆರೆ ಯಾವ ಕಡೆ ಅಂತ ಕೇಳ್ಕೊಂಡ್ ಬಾ. ಊರು ಇದ್ದಲ್ಲೇ ಇರ್ತೈತೆ. ನಾನೂ ಇರ್ತೀನಿ.”

ದಂಡು ಹೊಳೆಯಾಚೆ ಸೋತು ಚದುರಿತು. ನಾಯಕ ಕುದುರೆ ಹತ್ತಿ ಓಡಿಬಂದ. ಹೊರೆ ಹೊತ್ತವರು ಏನಾದರೆಂದು ಕೇಳುವವರಿರಲಿಲ್ಲ. ಸೋತು ಬಂದವನಿಗೆ ಹೆಸರಿನ ಹಸಿವು ಹೆಚ್ಚು. ಗೆದ್ದ ನೆಲವಿಲ್ಲದ ಸೂರಪ್ಪ ನಾಯಕ ತನ್ನ ಸೀಮೆಯಲ್ಲೇ ಇದ್ದ ಒಳ್ಳೆಯ ಕೆರೆಯ ಊರೊಂದಕ್ಕೆ ತನ್ನ ಹೆಸರಿಡಲು ಹೊರಟ. ಗೀಜಗನಕೆರೆ ಇನ್ನು ಮೇಲೆ ಸೂರಪ್ಪನಾಯಕನಪುರ, ಹಳೆಯ ಹೆಸರು ಹೇಳಿದವರ ನಾಲಿಗೆ ಸೀಳಲಾಗುವುದು ಎಂದು ಡಂಗುರ ಹೊಡೆಸಿದ. ಕೋಟೆಯಿಂದ ಬಂದ ಪಾರುಪತ್ಯಗಾರ ಊರ ಬಾಗಿಲಿನಲ್ಲಿ ನಿಂತು ಕರುಗಲ್ಲನ್ನು ಕೀಳಬೇಕೆಂದು ಅಪ್ಪಣೆ ಮಾಡಿದ. ಕರುಗಲ್ಲೆಂದರೆ ಊರು ಕಟ್ಟುವಾಗ ಎಲ್ಲಕ್ಕಿಂತ ಮೊದಲು ನೆಡುವ ಕಲ್ಲು. ಕಾರಹುಣ್ಣಿಮೆಯ ದಿನ ಅದಕ್ಕೆ ನೀರೆರೆದು, ಊರಿನ ಹೆಸರನ್ನು ಗಟ್ಟಿಯಾಗಿ ಕೂಗಿ, ಆಮೇಲೆ ದನಗಳನ್ನು ಅದರ ಮುಂದೆ ಹಾಯಿಸುತ್ತಾರೆ. ಆ ಕಲ್ಲಿಲ್ಲದ ಊರು ಊರಲ್ಲ; ಅಲ್ಲಿ ಒಲೆ ಹೊತ್ತಿಸಬಾರದು, ಕಣ ಮಾಡಬಾರದು ಎಂಬುದು ಆ ಸೀಮೆಯ ಕಟ್ಟಳೆ. ಹಳೆಯದನ್ನು ಕಿತ್ತು ಕೆರೆಗೆಸೆದು, ಹೊಸ ಕಲ್ಲಿನ ಮುಂದೆ ನಾಯಕನ ಹೆಸರು ಕೂಗಿಸಿದರೆ ಮುಗಿಯಿತೆಂದು ಪಾರುಪತ್ಯಗಾರ ಎಣಿಸಿದ್ದ.

ಊರಿನವರು ತಲೆ ತಗ್ಗಿಸಿ ನಿಂತರು. ಊರಗೌಡ ಮಲ್ಲಪ್ಪ, “ಹೊಲ ಉಳಿದ್ರೆ ಸಾಕು, ಕೆರೆ ಉಳಿದ್ರೆ ಸಾಕು. ಬಗ್ಗಿ ನಡೆಯಾಣ” ಎಂದು ಮೆಲ್ಲಗೆ ಹೇಳಿದ. ಬೊಮ್ಮಕ್ಕನ ಮೈ ಉರಿದುಹೋಯಿತು.

“ನಿನ್ನ ಮಕ್ಳು ಮನೇಲವ್ರೆ ಗೌಡ, ಅದ್ಕೇ ನೀನು ಬಗ್ತೀಯ. ನನ್ನ ಮಗ ಎಲ್ಲೋ ದಾರೀಲಿ ನಿಂತು ಗೀಜಗನಕೆರೆ ಯಾವ ಕಡೆ ಅಂತ ಕೇಳ್ತಾವ್ನೆ. ನಾಲಿಗೆ ಸೀಳ್ತಾರೆ ಅಂತ ಯಾರೂ ಬಾಯಿ ಬಿಡಲ್ಲ. ಅಂಥ ಊರೇ ಇಲ್ಲ ಅಂತಾರೆ. ಆಗ ಅವ್ನು ಎಲ್ಲಿಗೋಗ್ಬೇಕು?”

ಮಗನನ್ನು ಕಿತ್ತುಕೊಂಡವನೇ ಈಗ ಮಗ ಮರಳುವ ದಾರಿಯನ್ನೂ ಅಳಿಸಲು ಬಂದಿದ್ದಾನೆ, ಇವರು ನೋಡುತ್ತ ನಿಂತಿದ್ದಾರೆ! ಬೊಮ್ಮಕ್ಕ ಸರಸರನೆ ಮನೆಗೆ ಹೋಗಿ ಉಳಿ, ಸುತ್ತಿಗೆ ತಂದು ಪಾರುಪತ್ಯಗಾರನ ಮುಂದೆ ನಿಂತು, “ಇದರ ಬುಡ ಆಳಕ್ಕೈತೆ ಬುದ್ಧಿ, ಕೀಳಾಕಾಗಲ್ಲ. ಒಡೀಬೇಕು. ನಾನೇ ಒಡೀತೀನಿ” ಎಂದಳು. ಅಪ್ಪಣೆಗೆ ಹೆದರಿದ ಹೆಂಗಸೆಂದು ಅವನಿಗೆ ಬಲು ಖುಷಿಯಾಯಿತು. ನೆರಳಿಗೆ ಕುಳಿತು ಎಲೆ ಅಡಿಕೆ ಹಾಕಿಕೊಂಡ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಬೊಮ್ಮಕ್ಕ ತಾಯಿಯಂತೆ ಪೂಜಿಸಿದ ಕಲ್ಲಿಗೆ ಉಳಿಯಿಟ್ಟು ಹೊಡೆಯತೊಡಗಿದಾಗ ಹೆಂಗಸರು ಕಿವಿ ಮುಚ್ಚಿಕೊಂಡರು. ಮುದುಕಿಯೊಬ್ಬಳು ಮಣ್ಣು ತೂರಿ ‘ನಿನ್ನ ವಂಶ ಹಾಳಾಗ’ ಎಂದು ಶಪಿಸಿದಳು. ಬೊಮ್ಮಕ್ಕ ತಲೆಯೆತ್ತಲಿಲ್ಲ. ಕಲ್ಲು ನೆಲಮಟ್ಟಕ್ಕೆ ಐದು ತುಂಡಾಗಿ ಬಿತ್ತು. ಕೆಲಸ ಆಯಿತೆಂದು ಪಾರುಪತ್ಯಗಾರ ಬಾಯಿ ಒರೆಸಿಕೊಂಡು, ಹೊಸ ಕಲ್ಲು ತರಿಸಲು ಕೋಟೆಯ ದಾರಿ ಹಿಡಿದ.

“ಊರನ್ನೇ ಕೊಂದೆಯಲ್ಲೇ ಮಾರಿ!” ಎಂದು ಗೌಡ ಎದೆ ಎದೆ ಬಡಿದುಕೊಂಡ.

“ಕೊಂದಿಲ್ಲ, ಪಾಲು ಮಾಡೀನಿ” ಎಂದಳು ಬೊಮ್ಮಕ್ಕ. “ಇನ್ನ ಇಲ್ಲಿ ಒಲೆ ಹಚ್ಚೋ ಹಂಗಿಲ್ಲ, ನೀವೇ ಇಟ್ಕಂಡಿರೋ ಕಟ್ಟಳೆ. ಅವನ ಹೆಸ್ರಿಗೆ ದೀಪ ಹಚ್ಚಾಕೆ ಯಾರೂ ಉಳೀಬ್ಯಾಡ್ರಿ. ಒಂದೊಂದು ದಿಕ್ಕಿಗೆ ಒಂದೊಂದು ತುಂಡು ಹೊತ್ಕಂಡೋಗ್ರಿ, ನಾಯಕನ ಗಡಿ ದಾಟಿ ನೆಡ್ರಿ, ಇದೇ ಹೆಸ್ರು ಕೂಗ್ರಿ. ನನ್ನ ಮಗ ಯಾವ ದಾರೀಲಿ ಬಂದ್ರೂ ಗೀಜಗನಕೆರೆ ಸಿಗ್ಬೇಕು.”

ಹೆದರಿ ಕುಗ್ಗಿದ್ದ ಊರಿಗೆ ಅವಳ ಸಿಟ್ಟು ತಗುಲಿತು. ತೆನೆ ಬಂದ ಹೊಲವನ್ನು ಹಾಗೆಯೇ ಬಿಟ್ಟು ಐದು ಗುಂಪಾಗಿ ಊರು ಹೊರಟಿತು. ಗಡಿಯಾಚೆ ಸಿಕ್ಕಿದ್ದು ಬರಡು ನೆಲ. ಅಲ್ಲಿಯೇ ಗುಡಿಸಲು ಹಾಕಿ, ಕರುಗಲ್ಲಿನ ತುಂಡು ನೆಟ್ಟು, ‘ಗೀಜಗನಕೆರೆ’ ಎಂದು ಗಂಟಲು ಹರಿಯುವ ಹಾಗೆ ಕೂಗಿದರು. ಬೊಮ್ಮಕ್ಕ ಮೂಡಣದ ಗುಂಪಿನೊಡನೆ ಹೋದಳು. ಇತ್ತ ಸೂರಪ್ಪನಾಯಕನಪುರದಲ್ಲಿ ನಾಯಕ ನೆಡಿಸಿದ ಹೊಸ ಕಲ್ಲಿತ್ತು, ಹೆಸರಿತ್ತು, ಜನರಿರಲಿಲ್ಲ. ತೂಬು ನೋಡುವವರಿಲ್ಲದೆ, ಏರಿಗೆ ಮಣ್ಣು ಹಾಕುವವರಿಲ್ಲದೆ ಮುಂದಿನ ದೊಡ್ಡ ಮಳೆಗೆ ಕೆರೆ ಒಡೆಯಿತು. ಇಂದು ಆ ಜಾಗವನ್ನು ಬೀಳು ಎನ್ನುತ್ತಾರೆ, ಅಷ್ಟೆ. ನಾಯಕನ ಹೆಸರು ನಾಯಿಯ ಬಾಯಲ್ಲೂ ಉಳಿಯಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಮನುಷ್ಯನ ಬುದ್ಧಿ ಹೊಟ್ಟೆ ತುಂಬಿದ ಮೇಲೆ ನೆಟ್ಟಗಿರುವುದಿಲ್ಲ. ಹತ್ತಾರು ವರ್ಷ ಕಳೆದು, ಬಾವಿ ತೋಡಿ, ಎರಡು ಹೊತ್ತು ಮುದ್ದೆ ಕಾಣುವಂತಾದ ಮೇಲೆ ಐದು ಊರಿನವರಿಗೂ ಜಂಬ ಹತ್ತಿತು. ಕಲ್ಲಿನ ತಲೆಭಾಗ ನಮ್ಮಲ್ಲಿದೆ, ಆದ್ದರಿಂದ ನಾವೇ ನಿಜವಾದ ಗೀಜಗನಕೆರೆ ಎಂದು ಒಬ್ಬರು. ಗೌಡನ ಮನೆತನ ಬಂದದ್ದು ನಮ್ಮಲ್ಲಿಗೆ ಎಂದು ಇನ್ನೊಬ್ಬರು. ಹೆಣ್ಣು ಕೊಟ್ಟು ತರುವುದು ನಿಂತಿತು. ಕಡೆಗೆ ಉಳಿದ ನಾಲ್ಕರ ಸುದ್ದಿ ಎತ್ತುವುದೇ ಅವಮಾನವೆಂದು ಮಕ್ಕಳಿಗೂ ಕಲಿಸಿದರು. ಯಾರಾದರೂ ಕೇಳಿದರೆ ‘ಗೀಜಗನಕೆರೆ ಇರೋದು ಇದೊಂದೇ’ ಎನ್ನಬೇಕು! ಬೊಮ್ಮಕ್ಕ ಬೈದಳು, ಬೇಡಿದಳು. ಮುದುಕಿಗೆ ಅರಳು ಮರುಳು ಎಂದು ನಕ್ಕರು.

ಆಗ ಬೋರ ಬಂದ. ಹೊಳೆಯಾಚೆ ಸೆರೆಸಿಕ್ಕಿ, ಯಾರದೋ ಕೋಟೆಗೆ ಕಲ್ಲು ಹೊತ್ತು, ಒಂದು ಕಾಲು ಸೊಟ್ಟಗಾಗಿ, ಗಡ್ಡ ನರೆತು, ಊರಿನ ಹೆಸರೊಂದನ್ನೇ ಹಿಡಿದು ಕೇಳುತ್ತ ಕೇಳುತ್ತ ಬಂದ. ಪಡುವಣದ ಗೀಜಗನಕೆರೆಯ ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ಹೆಂಗಸರನ್ನು “ಇದ್ಯಾವೂರವ್ವಾ?” ಎಂದು ಕೇಳಿದ. “ಗೀಜಗನಕೆರೆ” ಎಂದರು. ಬೋರ ಸುತ್ತ ನೋಡಿದ. ಕೆರೆಯಿಲ್ಲ, ಏರಿಯಿಲ್ಲ, ಗೂಡುಗಳಿಲ್ಲ, ಗುರುತಿನ ಒಂದು ಮುಖವೂ ಇಲ್ಲ. “ಇದಲ್ಲ ತಾಯಿ, ಕೆರೆ ಇರೋ ಗೀಜಗನಕೆರೆ. ಇನ್ನೊಂದಿರ್ಬೇಕು” ಎಂದ. ಹೆಂಗಸರಿಗೆ ರೇಗಿತು. “ಇನ್ನೊಂದೂ ಇಲ್ಲ, ಮತ್ತೊಂದೂ ಇಲ್ಲ. ಇರೋದು ಇದೊಂದೇ. ಬೇಕಾದ್ರೆ ಇರು, ಇಲ್ದಿದ್ರೆ ನಡಿ.” ನಡೆದ. ತೆಂಕಣದ ಊರಿಗೂ ಹೋದ. ಅಲ್ಲಿಯೂ ಅದೇ ಹೆಸರು, ಅದೇ ಬಿಗುಮಾನ. “ಮೊದಲಿನದೂ ಗೀಜಗನಕೆರೆ ಅಂದ್ರು, ಇದೂ ಅಂತೀರ. ಹುಟ್ಟಿದೂರು ಕೇಳ್ದೋನಿಗೆ ಆಟ ಆಡಿಸ್ತೀರೇನ್ರೋ?” ಎಂದು ಕೋಲೆತ್ತಿದನಂತೆ. ಹುಚ್ಚನೆಂದು ಕಲ್ಲು ತೂರಿ ಅಟ್ಟಿದರು. ಅವನು ಸೊಟ್ಟ ಕಾಲೆಳೆಯುತ್ತ, ಬಂದ ದಾರಿಯಲ್ಲೇ ಹೊಳೆಯ ಕಡೆಗೆ ಹೊರಟುಹೋದ.

ಊರೂರು ತಿರುಗುವ ಬಳೆಗಾರನೊಬ್ಬ ಈ ಹುಚ್ಚನ ಕತೆಯನ್ನು ನಗೆಯ ಸುದ್ದಿಯೆಂದು ಮೂಡಣದ ಊರಿನಲ್ಲಿ ಹೇಳಿದ. ಬೊಮ್ಮಕ್ಕ ಅಳಲಿಲ್ಲ ಎನ್ನುತ್ತಾರೆ. ಕೋಲೂರಿಕೊಂಡು ಎದ್ದು ಹೊಳೆಯ ದಡದವರೆಗೂ ಹುಡುಕಿದಳು. ದೋಣಿ ದಾಟಿ ಹೋದವನ ಗುರುತು ಹೇಳುವವರು ಸಿಗಲಿಲ್ಲ. ಹಿಂದಿರುಗಿ ಬಂದು ತೆಂಕಣದ ಕರುಗಲ್ಲಿನ ಮುಂದೆ ನಿಂತಳು. ಐದು ಊರಿನ ಹಿರಿಯರನ್ನೂ ಅಲ್ಲಿಗೆ ಕರೆಸಿದಳು. ಅವಳ ಮುಖ ನೋಡಿ ಬಾರದೆ ಉಳಿಯುವ ಧೈರ್ಯ ಯಾರಿಗೂ ಇರಲಿಲ್ಲ.

“ನಾಯಕ ಹೆಸ್ರು ಕಿತ್ಕಳಾಕೆ ಬಂದ, ಅವನು ಹಗೆ. ನೀವು? ನಾನು ಹೆಸ್ರು ಒಡೆದು ಕೊಟ್ಟಿದ್ದು ನಿಮ್ಮ ಮೆರವಣಿಗೆಗಾ? ಒಬ್ಬ ಬರ್ತಾನೆ ಅಂತ ಕೊಟ್ಟೆ. ಬಂದ. ಬಂದೋನ್ನ ಕಲ್ಲಲ್ಲಿ ಹೊಡೆದ್ರಿ! ಹೆಸ್ರು ಹೇಳಾಕೆ ಬಂತು ನಿಮಗೆ, ಯಾರ ಮಗನಪ್ಪಾ ಅಂತ ಒಂದು ಮಾತು ಕೇಳಾಕೆ ಬರ್ಲಿಲ್ಲ. ಇವತ್ತಿಂದ ಬಂದೋರ ತಾಯಿ ಹೆಸ್ರು ಕೇಳ್ದೆ ಊರ ಹೆಸ್ರು ಹೇಳಿದ ಬಾಯಿಗೆ ಅನ್ನ ರುಚಿಸ್ದೆ ಹೋಗ್ಲಿ.”

ಹಾಗೆಂದವಳು ಯಾವ ಊರಿನ ನೀರನ್ನೂ ಮುಟ್ಟದೆ ಹೊಳೆಯ ದಾರಿ ಹಿಡಿದಳು. ಮತ್ತೆ ಯಾರೂ ಅವಳನ್ನು ಕಾಣಲಿಲ್ಲ. ಐದು ಊರುಗಳ ಜಗಳ ಅಂದೇ ನಿಂತಿತು. ನಿಂತು ಏನು ಫಲ?

ಇಂದು ಆ ಕಡೆ ಹೋದವರು ಯಾವ ಗೀಜಗನಕೆರೆಗೆ ಕಾಲಿಟ್ಟರೂ ಊರ ಬಾಗಿಲಿನಲ್ಲಿ ಒಂದು ಮಗ್ಗುಲು ಒಡೆದ ಗಿಡ್ಡ ಕಲ್ಲನ್ನು ಕಾಣುತ್ತಾರೆ. ಮೇಲೆ ಉಳಿಯ ಗಾಯಗಳಿವೆ. ಇದು ಯಾವ ಊರೆಂದು ಕೇಳಿದರೆ ಅಲ್ಲಿ ಕುಳಿತವರು ತಟ್ಟನೆ ಹೇಳುವುದಿಲ್ಲ. “ಯಾರ ಮಗನಪ್ಪಾ ನೀನು? ನಿನ್ನವ್ವನ ಹೆಸ್ರೇನು?” ಎನ್ನುತ್ತಾರೆ. ತೆರಿಗೆಯವನಿರಲಿ, ಓಟು ಕೇಳಲು ಬಂದವನಿರಲಿ, ಬೀಜದ ಕಂಪನಿಯವನಿರಲಿ, ಎಲ್ಲರಿಗೂ ಇದೇ ಪ್ರಶ್ನೆ. ಮುಖ ಗಂಟಿಕ್ಕಿ ‘ನನ್ನ ತಾಯಿಯ ಹೆಸರು ನಿಮಗೇಕೆ’ ಎಂದು ರೇಗುವವರಿದ್ದಾರೆ. ಆದರೂ ಬಿಡುವುದಿಲ್ಲ, ಬಂದವರು ತಾಯಿಯ ಹೆಸರು ಹೇಳಿದ ಮೇಲೆಯೇ ಊರಿನ ಹೆಸರು ಹೇಳಿ, ಉಳಿದ ನಾಲ್ಕರ ದಾರಿಯನ್ನೂ ತೋರಿಸಿ, ನೀರು ಕೊಡುತ್ತಾರೆ. ಬಂದವರು ಗೌರಮ್ಮ ಎಂದಿದ್ದಾರೆ, ಫಾತಿಮಾಬಿ ಎಂದಿದ್ದಾರೆ, ಶಾರದಾಬಾಯಿ ಎಂದಿದ್ದಾರೆ. ಇಷ್ಟು ಕಾಲವಾದರೂ ಬೊಮ್ಮಕ್ಕ ಎಂದವರು ಯಾರೂ ಬಂದಿಲ್ಲ.