ಆಟಕ್ಕೆ ಕೊಟ್ಟ ಅಧಿಕಾರ

ಅಳಿಲೊಂದು ಹಳೆಯ ಕಂಪ್ಯೂಟರಿಗೆ ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಂಡಿತು. ಹೊಳೆಯಾಚೆ ಹೋಗಿ ನೆಲೆಸಿದ್ದ ಗೆಳೆಯರೊಡನೆ ಆಡಲು ಅದರಲ್ಲೊಂದು ಆಟದ ಸರ್ವರ್, ಎಂದರೆ ದೂರದವರೂ ಬಂದು ಸೇರುವ ಆಟದ ಮನೆ, ನಡೆಸಬೇಕೆಂಬುದು ಅಳಿಲಿನ ಆಸೆ. ಆದರೆ ಅದಕ್ಕೆ ಈ ವಿದ್ಯೆ ಹೊಸದು. ಆಟವನ್ನು ಇಳಿಸಿಕೊಂಡು ಶುರುಮಾಡಹೊರಟಾಗ ಕಂಪ್ಯೂಟರ್ ತಡೆಯಿತು.

“ಇಲ್ಲಿ ಬರೆಯಲು ಆಟಕ್ಕೆ ಅನುಮತಿಯಿಲ್ಲ. ಅದಕ್ಕೆಂದೇ ಬೇರೊಂದು ಖಾತೆ ತೆರೆ. ಆ ಖಾತೆಯ ಎಲ್ಲೆಯೊಳಗೆ ಅದು ನಡೆಯಲಿ.”

“ಅದನ್ನೆಲ್ಲ ಕಲಿಯುವ ತಾಳ್ಮೆ ನನಗಿಲ್ಲ. ಈ ಯಂತ್ರದ ಯಜಮಾನ ನಾನು. ನನ್ನ ಅಧಿಕಾರವನ್ನೇ ಆಟಕ್ಕೆ ಕೊಟ್ಟುಬಿಡು,” ಎಂದಿತು ಅಳಿಲು.

“ಕೊಟ್ಟ ಮೇಲೆ ಆಟ ಹೇಳಿದ್ದನ್ನೆಲ್ಲ ನೀನು ಹೇಳಿದ್ದೆಂದೇ ತಿಳಿದು ನಡೆಸುವೆ.”

“ನಡೆಸು.”

ಆಟ ಸಲೀಸಾಗಿ ಶುರುವಾಯಿತು. ಹೊಳೆಯಾಚೆಯ ಗೆಳೆಯರಾದ ಮೈನಾ, ಉಡ, ಮುದಿ ಮೊಲ ಆಟಕ್ಕೆ ಬಂದರು. ಎಲ್ಲರೂ ಕೂಡಿ ಆಟದೊಳಗೊಂದು ಊರು ಕಟ್ಟಿದರು. ಮೊಲ ಅಲ್ಲೊಂದು ಆಲದ ಸಸಿ ನೆಟ್ಟಿತು. ಬೇಸಿಗೆಯಲ್ಲಿ ಮೊಲ ತೀರಿಕೊಂಡಿತು. ಅಂದಿನಿಂದ ಉಳಿದವರು ಆಟ ಮುಗಿಸುವ ಮೊದಲು ಆ ಆಲದಡಿ ಸುಮ್ಮನೆ ನಿಂತು ಹೋಗುತ್ತಿದ್ದರು.

ಒಮ್ಮೆ ಅಪರಿಚಿತ ನರಿಯೊಂದು ಆಟಗಾರನಂತೆ ಒಳಗೆ ಬಂತು. ಆಟದಲ್ಲಿದ್ದ ಸಣ್ಣ ಬಿರುಕೊಂದನ್ನು ಪತ್ತೆಮಾಡಿ, ಅದರ ಮೂಲಕ ಆಟದ ಹೆಸರಿನಲ್ಲೇ ಊರನ್ನು ಗುರುತಿಲ್ಲದಂತೆ ಅಳಿಸಲು ಆಜ್ಞೆ ಕೊಟ್ಟಿತು. ಅಳಿಲೇ ಹೇಳಿದ್ದೆಂದು ತಿಳಿದ ಕಂಪ್ಯೂಟರ್ ಮರುಮಾತಿಲ್ಲದೆ ಊರನ್ನೂ, ಆಟದ ಎಲ್ಲೆಯಾಚೆ ಅಳಿಲು ತೆಗೆದಿಟ್ಟಿದ್ದ ಅದರ ನಕಲನ್ನೂ ಅಳಿಸಿತು.

ಸುದ್ದಿ ಕೇಳಿ ಮೈನಾ ಹಾರಿ ಬಂತು. ಅಳಿಲು ತಲೆಯೆತ್ತದೆ, “ಊರನ್ನು ಮತ್ತೆ ಕಟ್ಟೋಣ,” ಎಂದಿತು.

“ಕಟ್ಟೋಣ,” ಎಂದಿತು ಮೈನಾ. “ಮೊಲ ನೆಟ್ಟ ಆಲವನ್ನು ನೆಡುವವರು ಯಾರು?”

ಅಳಿಲು ಕಂಪ್ಯೂಟರಿನ ಮುಂದೆ ಕೂತು, ಆಟಕ್ಕೆಂದೇ ಬೇರೊಂದು ಖಾತೆ ತೆರೆಯುವ ಬಗೆಯನ್ನು ಮೊದಲ ಸಾಲಿನಿಂದ ಓದತೊಡಗಿತು.